ಒಂದೂವರೆ ನಿಮಿಷದ ತೀರ್ಪು

ಟೀವಿಯಲ್ಲಿ ಹಾಡಿನ ಸ್ಪರ್ಧೆ ಇದ್ದ ರಾತ್ರಿ ನಮ್ಮ ಮನೆಯಲ್ಲಿ ಊಟ ಬೇಗ ಮುಗಿಯುತ್ತದೆ. ಅದರಲ್ಲೂ ಮೊದಲ ಎರಡು ಮೂರು ವಾರ, ಆಡಿಷನ್ ನಡೆಯುವಾಗ, ಪಕ್ಕದ ಮನೆಯವರೂ ಬಂದು ಪಡಸಾಲೆ ತುಂಬುತ್ತದೆ. ಕೊನೆಯ ಸುತ್ತಿನ ಗದ್ದಲಕ್ಕಿಂತ ಈ ಆರಂಭದ ವಾರಗಳೇ ಜನರಿಗೆ ಹೆಚ್ಚು ಇಷ್ಟ. ಆಗ ವೇದಿಕೆಗೆ ಬರುವವರು ಇನ್ನೂ ಟೀವಿಯವರಾಗಿರುವುದಿಲ್ಲ. ನಮ್ಮ ನಿಮ್ಮಂಥವರೇ ಆಗಿರುತ್ತಾರೆ.

ನಮ್ಮ ಪಡಸಾಲೆಯಲ್ಲಿ ಆಗ ಎಲ್ಲರೂ ತೀರ್ಪುಗಾರರು. ಹಾಡುವವರು ಒಂದು ಸಾಲು ಮುಗಿಸುವುದರೊಳಗೆ ನನ್ನ ಬಾಯಿಂದ “ಶ್ರುತಿ ಬಿಟ್ಟ ನೋಡು” ಎಂಬ ಮಾತು ಬಂದಿರುತ್ತದೆ. ನನ್ನ ಹೆಂಡತಿ “ಪಾಪ, ಸಣ್ಣ ಹುಡುಗಿ ಅಂಜ್ಯಾಳ, ಅಷ್ಟ ತಿಳಿಯಂಗಿಲ್ಲೇನ್ರಿ ನಿಮಗ?” ಎನ್ನುತ್ತಾಳೆ. ನಾನು ಸಂಗೀತ ಕಲಿತವನಲ್ಲ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ವಿಜ್ಞಾನದ ಜೊತೆಗೆ ಶಬ್ದದ ಪಾಠವನ್ನೂ ಮಾಡುತ್ತ ಬಂದವನು. ಆವರ್ತನ, ಕಂಪನ ಎಂದು ಬೋರ್ಡಿನ ಮೇಲೆ ಬರೆದವನಿಗೆ ಶ್ರುತಿಯೂ ತಿಳಿಯುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು.

ಇಂಥ ಕಾರ್ಯಕ್ರಮಗಳನ್ನು ಹೀಗಳೆಯುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಈಟೀವಿ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’ ನಡೆಸಿಕೊಡುತ್ತಿದ್ದಾಗ ಮಕ್ಕಳ ತಪ್ಪನ್ನು ತಿದ್ದುತ್ತಿದ್ದ ರೀತಿಯನ್ನು ನೋಡಿ, ನಾನು ನನ್ನ ತರಗತಿಯಲ್ಲಿ ದನಿ ಏರಿಸುವುದನ್ನು ಕಡಿಮೆ ಮಾಡಿಕೊಂಡೆ. ಮೊದಲು ಚೆನ್ನಾಗಿದ್ದುದನ್ನು ಹೇಳಿ, ಆಮೇಲೆ ತಪ್ಪಿದ್ದನ್ನು ತಾವೇ ಹಾಡಿ ತೋರಿಸುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ, ಮೇಷ್ಟರೊಬ್ಬರು ಹೋದರು ಎಂದೇ ನನಗೆ ಅನ್ನಿಸಿತು.

2018–19ರಲ್ಲಿ ಜೀ ಕನ್ನಡದ ‘ಸರಿಗಮಪ’ದ ಹದಿನೈದನೆಯ ಆವೃತ್ತಿಯಲ್ಲಿ ಹನುಮಂತ ಲಮಾಣಿ ಬಂದದ್ದು ನಿಮಗೂ ನೆನಪಿರಬಹುದು. 1997ರವರೆಗೆ ನಮ್ಮದೇ ಧಾರವಾಡ ಜಿಲ್ಲೆಗೆ ಸೇರಿದ್ದ ಹಾವೇರಿ ಸೀಮೆಯ ಕುರಿಗಾಹಿ ಹುಡುಗ. ಲುಂಗಿ ಉಟ್ಟುಕೊಂಡೇ ಬಂದು ಹಾಡಿ ಎರಡನೆಯ ಸ್ಥಾನ ಪಡೆದ. ಮುಂದೆ 2025ರ ಜನವರಿಯಲ್ಲಿ ಅವನು ‘ಬಿಗ್ ಬಾಸ್’ ಕೂಡ ಗೆದ್ದ. ಹಾಡಲು ದೊಡ್ಡ ಮನೆತನ ಬೇಕಿಲ್ಲ, ದುಬಾರಿ ಮೇಷ್ಟರು ಬೇಕಿಲ್ಲ ಎಂಬುದನ್ನು ನಮ್ಮ ಹಳ್ಳಿಗಳ ಮನೆಮನೆಗೂ ತೋರಿಸಿಕೊಟ್ಟದ್ದು ಈ ಆಡಿಷನ್ನುಗಳೇ. ಅದು ಸಣ್ಣ ಉಪಕಾರವಲ್ಲ.

ಆ ನಂಬಿಕೆಯಿಂದಲೇ ನಾನೂ ಒಬ್ಬ ಹುಡುಗನನ್ನು ಆಡಿಷನ್ನಿಗೆ ಕರೆದುಕೊಂಡು ಹೋದೆ.

ನವಲಗುಂದ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗ. ಪ್ರಾರ್ಥನೆಯ ಹೊತ್ತಿಗೆ ಅವನು ನಾಡಗೀತೆ ಎತ್ತಿಕೊಂಡರೆ ರಸ್ತೆಯಲ್ಲಿ ಹೊಲಕ್ಕೆ ಹೊರಟವರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಊರಿನ ಭಜನಾ ಮೇಳದಲ್ಲಿ ದೊಡ್ಡವರ ನಡುವೆ ಕೂತು ತತ್ವಪದ ಹಾಡುತ್ತಿದ್ದ. ಹುಬ್ಬಳ್ಳಿಯಲ್ಲಿ ಒಂದು ವಾಹಿನಿಯ ಆಡಿಷನ್ ಇದೆ ಎಂದು ತಿಳಿದಾಗ ಅವನ ತಂದೆತಾಯಿಗಿಂತ ನನಗೇ ಅವಸರ. “ನಮಗೇನ ತಿಳಿತೈತ್ರಿ ಸರ್, ನೀವ ಕರಕೊಂಡ ಹೋಗಿ ಬರ್ರಿ” ಎಂದರು ಅವರು. ಅವನ ತಾಯಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೂ ನಮ್ಮ ಮುಂದೆ ಆಗಲೇ ಉದ್ದನೆಯ ಸಾಲು. ಹುಡುಗನ ಅಂಗಿಗೆ ನಂಬರಿನ ಚೀಟಿ ಚುಚ್ಚಿದರು. ಟೀವಿಯಲ್ಲಿ ಕಾಣುವ ಹೆಸರಾಂತ ಗಾಯಕರು ಒಳಗಿರುತ್ತಾರೆಂದು ಅವನು ತಿಳಿದಿದ್ದ. ನಾನೂ ಹಾಗೆಯೇ ತಿಳಿದಿದ್ದೆ. ಒಳಗಿದ್ದವರು ಇಬ್ಬರು ಯುವಕರು, ಒಂದು ಕ್ಯಾಮೆರಾ. ನಾವು ಮನೆಯಲ್ಲಿ ಕೂತು ನೋಡುವ ‘ಆಡಿಷನ್’ ಮೊದಲ ಮೆಟ್ಟಿಲಲ್ಲ. ಇಂಥ ಎಷ್ಟೋ ಕೋಣೆಗಳಲ್ಲಿ ಸೋಸಿ ಉಳಿದವರು ಮಾತ್ರ ಪರದೆಯ ಮೇಲೆ ಕಾಣುತ್ತಾರೆ ಎಂಬುದು ನನಗೆ ಆ ದಿನ ತಿಳಿಯಿತು.

ನಮ್ಮ ಸರದಿ ಬಂದಾಗ ಮಧ್ಯಾಹ್ನ ಮೂರೂವರೆ. ನಾನು ಬಾಗಿಲ ಹೊರಗೆ ನಿಂತಿದ್ದೆ. ಹುಡುಗ ಪಲ್ಲವಿ ಚೆನ್ನಾಗಿಯೇ ಹಾಡಿದ. ಚರಣದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಎರಡಾಗಿ ಸೀಳಿತು. ಮತ್ತೆ ಹಿಡಿಯಲು ಹೋದ, ಮತ್ತೆ ಸೀಳಿತು. “ಸಾಕು ಪುಟ್ಟಾ, ಮುಂದಿನ ಸಲ ನೋಡೋಣ” ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು, ಅವರದೇನೂ ತಪ್ಪಿಲ್ಲ. ಒಟ್ಟು ಒಂದೂವರೆ ನಿಮಿಷವಾಗಿರಬಹುದು. ಹೊರಗೆ ಬಂದವನು ಅಳಲಿಲ್ಲ. “ಸರ್, ಬಸ್ ಎಷ್ಟಕ್ಕೈತ್ರಿ?” ಎಂದಷ್ಟೇ ಕೇಳಿದ.

ಸೋಮವಾರ ಪ್ರಾರ್ಥನೆಯಲ್ಲಿ ಅವನು ಹಿಂದಿನ ಸಾಲಿಗೆ ಹೋಗಿ ನಿಂತ. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಭಜನೆಗೂ ಹೋಗುವುದನ್ನು ಬಿಟ್ಟ. ಒಂದು ಸಂಜೆ ಅವನ ತಾಯಿ ಬಂದು ಹೇಳಿದಳು: “ಎಮ್ಮಿ ಹಿಂಡೂಮುಂದೂ ಹಾಡತಿದ್ದ ಹುಡುಗ್ರಿ ಸರ್. ಈಗ ಬಾಯಿ ಬಿಡವಲ್ಲ.”

ಕೆಲವು ವಾರಗಳ ನಂತರ ಅದೇ ತರಗತಿಗೆ ಶಬ್ದದ ಪಾಠ ಬಂತು. ಗಂಟಲ ಮೇಲೆ ಬೆರಳಿಟ್ಟು ಮಾತಾಡಿ ನೋಡಿ, ಕಂಪನ ತಿಳಿಯುತ್ತದೆ ಎಂದೆ. ಧ್ವನಿತಂತುಗಳ ಉದ್ದ ಗಂಡಸರಲ್ಲಿ ಸುಮಾರು 20 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 15 ಮಿಲಿಮೀಟರ್, ಮಕ್ಕಳಲ್ಲಿ ಇನ್ನೂ ಚಿಕ್ಕವು ಎಂದು ಬೋರ್ಡಿನ ಮೇಲೆ ಬರೆದೆ. ಹದಿಹರೆಯದಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೇಗ ಬೆಳೆಯುತ್ತದೆ, ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಆದ್ದರಿಂದ ಅವು ಕಂಪಿಸುವ ಆವರ್ತನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅಂದರೆ ದನಿ ಒಂದು ಸಪ್ತಕದಷ್ಟು ಕೆಳಗೆ ಬರುತ್ತದೆ. ಬೆಳವಣಿಗೆಯ ಆ ತಿಂಗಳುಗಳಲ್ಲಿ ಸ್ನಾಯುಗಳಿಗೆ ಹೊಸ ಅಳತೆ ರೂಢಿಯಾಗಿರುವುದಿಲ್ಲ; ಅದಕ್ಕೇ ದನಿ ಒಡೆಯುತ್ತದೆ. ಹುಡುಗಿಯರಲ್ಲೂ ದನಿ ಬದಲಾಗುತ್ತದೆ, ಆದರೆ ಅಷ್ಟು ಅಲ್ಲ.

ಇಷ್ಟು ಹೇಳುವಾಗ ನನ್ನ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ಎಲ್ಲ ಹುಡುಗರೂ ಗಂಟಲ ಮೇಲೆ ಬೆರಳಿಟ್ಟು ನಗುತ್ತಿದ್ದರು. ಇವನೊಬ್ಬ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು.

ಪಾಠ ಮುಗಿದ ಮೇಲೆ ಅವನನ್ನು ಕರೆದು, “ಆವತ್ತ ಒಡದದ್ದು ನಿನ್ನ ಹಾಡಲ್ಲ ತಮ್ಮಾ, ದನಿ. ಅದು ಬೆಳ್ಯಾಕ ಹತ್ತೈತಿ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಮತ್ತ ಆವಾಗ ಯಾಕ ಹೇಳಲಿಲ್ರಿ ಸರ್?”

ನನ್ನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ. ಆ ವರ್ಷ ಅವನ ಮಾತಿನ ದನಿ ದಪ್ಪಗಾಗುತ್ತಿದ್ದುದನ್ನು ನಾನು ಕೇಳಿದ್ದೆ. ಆದರೆ ‘ಇವನು ನಮ್ಮ ಸರ್ ಕಳಿಸಿದ ಹುಡುಗ’ ಎಂದು ಊರವರು ಟೀವಿಯ ಮುಂದೆ ಹೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಂಡಿದ್ದೆ. ಆ ಆಸೆಯ ಮುಂದೆ ನನ್ನ ವಿಜ್ಞಾನ ಬಾಯಿ ಮುಚ್ಚಿಕೊಂಡಿತ್ತು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಆ ಮಾತು ಸರಿ. ಯಾಕೆಂದರೆ ಪಾತ್ರೆಯ ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಒಂದೇ ಹೊತ್ತು ಬೆಂದಿರುತ್ತವೆ. ಮಗುವಿನ ಒಂದು ದಿನ ಇನ್ನೊಂದು ದಿನದಂತಿರುವುದಿಲ್ಲ. ಒಂದೂವರೆ ನಿಮಿಷದ ಹಾಡು ಆ ಹೊತ್ತಿನ ಗಂಟಲಿನ ಅಳತೆಯೇ ಹೊರತು ಆ ಮಗುವಿನ ಅಳತೆಯಲ್ಲ. ಕಾರ್ಯಕ್ರಮದವರಿಗೆ ಬೇಕಾದದ್ದು ಇವತ್ತು ಬೆಂದ ಅನ್ನ. ಅದರಲ್ಲಿ ಅನ್ಯಾಯವೇನೂ ಇಲ್ಲ. ಬೇಯುತ್ತಿರುವ ಪಾತ್ರೆಯನ್ನು ಇಳಿಸಿ ಚೆಲ್ಲುವವರು ಮನೆಯವರು ಮತ್ತು ನಮ್ಮಂಥ ಮೇಷ್ಟರು.

ನಮ್ಮ ಜಿಲ್ಲೆಯವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿಯುತ್ತಿದ್ದರು. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅದೇ ಗುರುಗಳ ಮನೆಗೆ ನೀರು ಹೊತ್ತು ವರ್ಷಗಟ್ಟಲೆ ಅಲ್ಲೇ ಇದ್ದು ಕಲಿತರು. ಗಂಗೂಬಾಯಿಯವರ ಮೊದಲಿನ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಎತ್ತರದ, ತೆಳುವಾದ ಹೆಣ್ಣುದನಿ. ಆಮೇಲೆ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಗಿ ಆ ದನಿ ದಪ್ಪವಾಯಿತು, ಗಂಡುದನಿಯಂತಾಯಿತು. ಅಂಥ ದನಿಯನ್ನು ಆ ದಿನಗಳಲ್ಲಿ ಒಂದೂವರೆ ನಿಮಿಷ ಕೇಳಿದವರು ಏನೆನ್ನುತ್ತಿದ್ದರೋ! ಅವರು ಹಾಡು ನಿಲ್ಲಿಸಲಿಲ್ಲ. ಬಂದ ದನಿಯನ್ನೇ ಪಳಗಿಸಿದರು. ಆ ದನಿಗೇ 2002ರಲ್ಲಿ ಪದ್ಮವಿಭೂಷಣ ಬಂತು.

ಹಾಗೆಂದು ಹಿಂದಿನ ಕಾಲವೆಲ್ಲ ಬಂಗಾರವಾಗಿತ್ತು ಎನ್ನಲಾರೆ. ಗುರುವಿನ ಮನೆಯ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಕುರಿ ಕಾಯುವ ಹುಡುಗನಿಗೆ ಅಷ್ಟು ವರ್ಷ ಕಲಿಯುವ ಬಿಡುವೂ ಇರುತ್ತಿರಲಿಲ್ಲ. ಆಡಿಷನ್ ಎಲ್ಲರಿಗೂ ಬಾಗಿಲು ತೆರೆಯಿತು, ಆದರೆ ಒಂದೂವರೆ ನಿಮಿಷ ಮಾತ್ರ. ಎರಡರಲ್ಲೂ ಕೊರತೆ ಇದೆ. ನಡುವಿನ ಜಾಗವನ್ನು ತುಂಬಬೇಕಾದದ್ದು ಶಾಲೆ, ಭಜನಾ ಮೇಳ, ಮನೆ.

ಟೀವಿಯಲ್ಲಿ ಕೇಳಿದ್ದನ್ನೆಲ್ಲ ಅಳತೆಗೋಲು ಮಾಡಿಕೊಳ್ಳಬಾರದು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. 1997ರಲ್ಲಿ ಆಟೋಟ್ಯೂನ್ ಎಂಬ ಸಾಫ್ಟ್‌ವೇರ್ ಬಂದ ಮೇಲೆ ಜಾರಿದ ಶ್ರುತಿಯನ್ನು ಯಂತ್ರವೇ ಸರಿಮಾಡುತ್ತದೆ. 2010ರಲ್ಲಿ ಇಂಗ್ಲೆಂಡಿನ ‘ದಿ ಎಕ್ಸ್ ಫ್ಯಾಕ್ಟರ್’ ಕಾರ್ಯಕ್ರಮದ ಆಡಿಷನ್ ಪ್ರಸಾರದಲ್ಲೇ ಅದನ್ನು ಬಳಸಿದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ಎಲ್ಲ ಕಡೆಯೂ ಹಾಗೆ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಪ್ರಸಾರವಾಗುವ ಹಾಡು ಮೈಕು, ವಾದ್ಯ, ಸಂಕಲನಗಳನ್ನು ದಾಟಿ ಬಂದದ್ದು. ಅಡಿಗೆಮನೆಯಲ್ಲಿ ಹಾಡುವ ಮಗುವನ್ನು ಅದರ ಪಕ್ಕಕ್ಕೆ ನಿಲ್ಲಿಸಿ ತೂಗುವುದು ನ್ಯಾಯವಲ್ಲ.

ಸೋತವರ ಮಾತೂ ಸ್ವಲ್ಪ ಇರಲಿ. ಇವತ್ತು ದೇಶವೆಲ್ಲ ಕೇಳುವ ಅರಿಜಿತ್ ಸಿಂಗ್ 2005ರಲ್ಲಿ ‘ಫೇಮ್ ಗುರುಕುಲ’ ಎಂಬ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೂ ಬರದೆ ಹೊರಬಿದ್ದವರು. ಇದನ್ನು ಹೇಳಿ ಪ್ರತಿ ಮಗುವಿಗೂ ‘ನೀನೂ ಹಾಗೆ ಆಗುತ್ತೀ’ ಎಂದು ಆಸೆ ಹುಟ್ಟಿಸಬೇಡಿ. ಅದೂ ಇನ್ನೊಂದು ಸುಳ್ಳಾಗುತ್ತದೆ. ಸೋತ ಎಷ್ಟೋ ಮಂದಿ ಗಾಯಕರಾಗುವುದಿಲ್ಲ. ಆದರೆ ಅವರು ಹಾಡುವುದನ್ನು ನಿಲ್ಲಿಸಬೇಕಾಗಿಲ್ಲ.

ಪಾಲಕರಲ್ಲಿ ನನ್ನ ಕೋರಿಕೆ ಇಷ್ಟೇ. ಮಗುವಿಗೆ ಮನಸ್ಸಿದ್ದರೆ ಅವಶ್ಯ ಆಡಿಷನ್ನಿಗೆ ಕರೆದುಕೊಂಡು ಹೋಗಿ. ಹೋಗುವ ಮೊದಲು, ಆಸೆ ಮಗುವಿನದೋ ನಿಮ್ಮದೋ ಎಂದು ಒಮ್ಮೆ ಕೇಳಿಕೊಳ್ಳಿ. ಹನ್ನೆರಡರಿಂದ ಹದಿನೈದರ ಹುಡುಗನಾದರೆ ಅವನ ದನಿಯನ್ನು ಗಮನಿಸಿ. ಒಡೆಯುತ್ತಿದ್ದರೆ ಎತ್ತರದ ಸ್ವರಕ್ಕೆ ಒತ್ತಾಯ ಮಾಡದೆ ಒಂದು ವರ್ಷ ಕಾಯಿರಿ. ವಾಪಸು ಬರುವಾಗ ಬಸ್ಸಿನಲ್ಲಿ ಸೋಲು ಗೆಲುವಿನ ಮಾತು ಬೇಡ. ನಾನು ಆವತ್ತು ನವಲಗುಂದ ಬರುವವರೆಗೂ ‘ಅಲ್ಲಿ ನೀನು ಉಸಿರು ಹಿಡಿಯಬೇಕಿತ್ತು’ ಎಂದು ಹೇಳುತ್ತಲೇ ಬಂದೆ. ಒಳಗಿದ್ದವರ ತೀರ್ಪು ಒಂದೂವರೆ ನಿಮಿಷದ್ದು. ನನ್ನದು ಒಂದು ತಾಸಿನದು.

ಹುಡುಗ ಈಗ ಶಾಲೆ ಬಿಟ್ಟು ಕಾಲೇಜಿಗೆ ಹೋಗುತ್ತಾನೆ. ಅವನು ಹತ್ತನೆಯ ತರಗತಿಯಲ್ಲಿದ್ದಾಗ, ಶ್ರಾವಣದ ಒಂದು ರಾತ್ರಿ ಗುಡಿಯ ಕಡೆಯಿಂದ ಭಜನೆ ಕೇಳಿ ಹೋಗಿ ಕಟ್ಟೆಯ ಮೇಲೆ ಕುಳಿತೆ. ಅವನು ಎರಡನೆಯ ಸಾಲಿನಲ್ಲಿ ಹಿಮ್ಮೇಳದವರ ಜೊತೆ ಇದ್ದ. ನಡುವೆ ಒಂದು ಪದವನ್ನು ತಾನೇ ಎತ್ತಿಕೊಂಡ. ಹಾರ್ಮೋನಿಯಂ ನುಡಿಸುವ ಹಿರಿಯರು ನನ್ನ ಕಡೆ ಬಾಗಿ, “ಮೊದಲ ಕರಿ ಐದರಾಗ ಹಾಡತಿದ್ದ, ಈಗ ಕರಿ ಒಂದಕ್ಕ ಬಂದಾನ್ರಿ ಸರ್” ಎಂದರು. ಹೊಸ ದನಿ ಅಲ್ಲಲ್ಲಿ ಒರಟಾಗಿತ್ತು. ಅವನು ನನ್ನನ್ನು ನೋಡಿದ, ಆದರೆ ಹಾಡು ನಿಲ್ಲಿಸಲಿಲ್ಲ.

ಮನೆಗೆ ಬಂದಾಗ ಹೆಂಡತಿ ಕೇಳಿದಳು: “ಹೆಂಗ ಹಾಡಿದ? ಶ್ರುತಿ ಬಿಟ್ಟನೇನು?”

“ನಾ ಅದನ್ನ ನೋಡಲಿಲ್ಲ” ಎಂದೆ.