ಜೀವಲಕ್ಷಣವೂ ನಮ್ಮ ಹತ್ತಿಯ ಹೊಲವೂ

ಜೀವವುಳ್ಳುದರ ಲಕ್ಷಣವೇನೆಂದು ಕೇಳಿದರೆ ಶಾಲೆಯ ಹುಡುಗನು ತಡಮಾಡದೆ ಒಪ್ಪಿಸುವನು: ಆಹಾರ ಕೊಳ್ಳುವುದು, ಉಸಿರಾಡುವುದು, ಬೆಳೆಯುವುದು, ಚಲಿಸುವುದು, ಬೇಡವಾದುದನ್ನು ಹೊರಹಾಕುವುದು, ಸಂತಾನವನ್ನು ಪಡೆಯುವುದು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಲೆಯ ಬೆಂಕಿಯನ್ನು ನೋಡಿರಿ. ಅದು ಕಟ್ಟಿಗೆಯನ್ನು ತಿನ್ನುವುದು, ಗಾಳಿಯನ್ನು ಬೇಡುವುದು, ಬೆಳೆಯುವುದು, ಬೂದಿಯನ್ನು ಹೊರಹಾಕುವುದು, ಒಂದು ಹತ್ತಾಗುವುದು. ಆದರೂ ಬೆಂಕಿಗೆ ಜೀವವುಂಟೆಂದು ಯಾರೂ ಹೇಳರು. ಹೇಸರಗತ್ತೆಗೆ ಸಂತಾನವಿಲ್ಲ, ಅದರಲ್ಲಿ ಜೀವವಿಲ್ಲವೆನ್ನುವವರು ಅದರ ಹಿಂಗಾಲುಗಳ ಬಳಿ ನಿಂತು ಹೇಳಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಯೋಚನೆಗೆ ಹಚ್ಚುವುದು ಬೀಜ. ಮುಂದಿನ ಬಿತ್ತನೆಗೆಂದು ಬೂದಿ ಬೆರೆಸಿ ಗಡಿಗೆಯಲ್ಲಿ ಕಟ್ಟಿಟ್ಟ ಜೋಳದ ಕಾಳು ತಿನ್ನದು, ಬೆಳೆಯದು, ಅಲುಗದು. ಅದಕ್ಕೂ ಪಕ್ಕದಲ್ಲಿ ಬಿದ್ದ ಹರಳಿಗೂ ಕಣ್ಣಿಗೆ ಭೇದ ಕಾಣದು. ಒಂದು ಹದವಾದ ಮಳೆ ಬಿದ್ದರೆ ಭೇದವು ನಾಲ್ಕೇ ದಿನಗಳಲ್ಲಿ ಗೊತ್ತಾಗುವುದು. ಇಸ್ರೇಲ್ ದೇಶದ ಮಸಾದ ಎಂಬ ಹಳೆಯ ಕೋಟೆಯಲ್ಲಿ ದೊರೆತ, ಸುಮಾರು 2000 ವರ್ಷಗಳಷ್ಟು ಹಿಂದಿನ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಗಿಡವಾಯಿತು. ಇಷ್ಟು ಕಾಲ ಅದು ಯಾವ ಲಕ್ಷಣವನ್ನು ತೋರಿಸುತ್ತಿತ್ತು?

ನಮ್ಮ ಪ್ರಾಚೀನರು ಜಗತ್ತನ್ನು ಸ್ಥಾವರವೆಂದೂ ಜಂಗಮವೆಂದೂ ವಿಭಾಗಿಸಿದರು. ಗುಡ್ಡವೂ ಸ್ಥಾವರವೇ, ಗಿಡವೂ ಸ್ಥಾವರವೇ. ಹಾಗೆಂದು ಗಿಡಕ್ಕೆ ಜೀವವಿಲ್ಲವೆಂದು ಅವರು ಎಣಿಸಲಿಲ್ಲ. ಜರಾಯುಜ, ಅಂಡಜ, ಸ್ವೇದಜಗಳ ಸಾಲಿನಲ್ಲಿಯೇ ನೆಲವನ್ನು ಭೇದಿಸಿ ಹುಟ್ಟುವ ಉದ್ಭಿಜ್ಜಗಳನ್ನೂ ಕುಳ್ಳಿರಿಸಿದರು. ಚಲನವೇ ಜೀವವಲ್ಲವೆಂಬುದನ್ನು ಅವರು ಬಲ್ಲರು. ಇವುಗಳಲ್ಲಿ ಸ್ವೇದಜವೊಂದನ್ನು ಮಾತ್ರ ಈಗ ಬಿಡಬೇಕಾಗಿದೆ. ಬೆವರಿನಿಂದಲೂ ಕೊಳೆತುದರಿಂದಲೂ ಹುಳು ತಾನಾಗಿ ಹುಟ್ಟುವುದೆಂಬ ನಂಬಿಕೆಯು ಹಲವು ದೇಶಗಳಲ್ಲಿ ಇತ್ತು. ಇಟಲಿಯ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯನು ಮಾಂಸದ ಪಾತ್ರೆಗಳಲ್ಲಿ ಕೆಲವನ್ನು ತೆರೆದಿಟ್ಟು, ಕೆಲವಕ್ಕೆ ತೆಳುಬಟ್ಟೆ ಕಟ್ಟಿ, ನೊಣ ಕುಳಿತು ಮೊಟ್ಟೆಯಿಟ್ಟಲ್ಲಿ ಮಾತ್ರ ಹುಳು ಆಗುವುದೆಂಬುದನ್ನು 1668ರಲ್ಲಿ ಪ್ರಕಟಿಸಿದನು. ಜೀವದಿಂದಲೇ ಜೀವ, ಈ ಮಾತಿಗೆ ಇಂದಿನವರೆಗೆ ಅಪವಾದ ದೊರೆತಿಲ್ಲ.

ಆದರೂ ನಮ್ಮ ಸಿರವಾರದ ಸುತ್ತಲಿನ ಎರೆಹೊಲಗಳಲ್ಲಿ ಮೋಡ ಕವಿದರೆ ಸಾಕು, ಹತ್ತಿಗೆ "ಹುಳ ಬಿತ್ತು" ಎನ್ನುವರು, ಆಕಾಶದಿಂದಲೇ ಉದುರಿತೆಂಬಂತೆ! ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹತ್ತಿದಲ್ಲಿ ಭತ್ತ, ಹತ್ತದಲ್ಲಿ ಹತ್ತಿ, ತೊಗರಿ, ಜೋಳ. ಸಿರವಾರ, ಮಾನ್ವಿಗಳ ಬಾಳುವೆ ಹೀಗಿದೆ. ಮದುವೆ, ಮನೆ, ಮಕ್ಕಳ ಓದು ಎಲ್ಲವೂ ಹತ್ತಿಯ ದುಡ್ಡಿಗಾಗಿ ಕಾದಿರುವ ಮನೆಗಳು ಇಲ್ಲಿ ಬಹಳ. ಹಿಂದೆ ನಮ್ಮಲ್ಲಿ ಓದಿದ ಒಕ್ಕಲಿಗರೊಬ್ಬರು ಒಡೆದ ಕಾಯಿಯೊಂದನ್ನು ಅಂಗೈಯಲ್ಲಿ ಹಿಡಿದು, "ಗುರುಗಳೇ, ಬೀಜದಾಗ ಔಷಧ ಐತಿ, ಹುಳ ಬೀಳಂಗಿಲ್ಲ ಅಂದಿದ್ರು. ಮತ್ತ ಇದೆಲ್ಲಿಂದ ಬಂತ್ರಿ?" ಎಂದು ಕೇಳಿದರು. ವ್ಯಾಕರಣ ಕಲಿತ ನಮಗೆ ಕೇಳತಕ್ಕ ಪ್ರಶ್ನೆ ಇದಲ್ಲವಾದರೂ, ಗುರುವೆಂದ ಮೇಲೆ ಸುಮ್ಮನಿರಲಾಗದಷ್ಟೆ. ಅಂದಿನಿಂದ ಈ ವಿಷಯವಾಗಿ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನೇ ಇಲ್ಲಿ ಹೇಳುತ್ತಿರುವೆವು.

ಆ ಕಾಯಿಯಲ್ಲಿದ್ದುದು ಗುಲಾಬಿ ಕಾಯಿಕೊರಕ. ಭರೂಚಿನ ಹತ್ತಿಯಲ್ಲಿ ಸಿಕ್ಕ ಹುಳುವನ್ನು ನೋಡಿ ಸಾಂಡರ್ಸ್ ಎಂಬ ಆಂಗ್ಲೇಯನು 1843ರಲ್ಲಿಯೇ ಇದನ್ನು ವರ್ಣಿಸಿದ್ದನು. ಸಣ್ಣ ಪತಂಗವೊಂದು ಮೊಗ್ಗು ಕಾಯಿಗಳ ಮೇಲೆ ಮೊಟ್ಟೆಯಿಡುವುದು. ಮರಿಯು ಹೊರಬಂದ ಕೆಲವು ಗಂಟೆಗಳಲ್ಲಿ ಕಾಯೊಳಗೆ ಹೊಕ್ಕುಬಿಡುವುದು. ಆ ಮೇಲೆ ಎಷ್ಟು ಸಿಂಪಡಿಸಿದರೂ ಔಷಧವು ಅದಕ್ಕೆ ತಗಲದು. ಹಂಗಾಮಿನ ಕೊನೆಗೆ ಚಳಿ ಬಂದೊಡನೆ ಇದು ಎರಡು ಹತ್ತಿಕಾಳುಗಳನ್ನು ನೂಲಿನಿಂದ ಒಂದಕ್ಕೊಂದು ಹೆಣೆದು ನಡುವೆ ಮಲಗುವುದು. ಉಣ್ಣದು, ಬೆಳೆಯದು, ತಿಂಗಳುಗಟ್ಟಲೆ ಹೊರಗೆ ಬಾರದು. ಸತ್ತಂತಿರುವ ಬೀಜದೊಳಗೆ ಸತ್ತಂತಿರುವ ಹುಳು! ಪಟ್ಟಿಯನ್ನು ಕಂಠಪಾಠ ಮಾಡಿದ ಹುಡುಗನು ಎರಡನ್ನೂ ನಿರ್ಜೀವವೆಂದೇ ಬರೆದಾನು. ಹದವು ಬಂದಾಗ ಎರಡೂ ಏಳುವುವು.

ಇನ್ನು ಬೀಜದೊಳಗಿನ ಔಷಧದ ಸಂಗತಿ. ಮಣ್ಣಿನಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿಯಿದೆ. ಅದು ತಯಾರಿಸುವ ಒಂದು ಪ್ರೋಟೀನು ಕಾಯಿಕೊರಕಗಳ ಹೊಟ್ಟೆಯ ಒಳಪೊರೆಗೆ ಅಂಟಿ ಅದನ್ನು ತೂತುಮಾಡುವುದು. ಆ ಪ್ರೋಟೀನನ್ನು ಮಾಡುವ ವಂಶವಾಹಿಯನ್ನು, ಎಂದರೆ ಜೀನನ್ನು, ತೆಗೆದು ಹತ್ತಿಯಲ್ಲಿ ಸೇರಿಸಿದರು; ಗಿಡವೇ ಅದನ್ನು ತಯಾರಿಸತೊಡಗಿತು. ಇದು ಸಾಧ್ಯವಾದುದು ಹೇಗೆ? ಸೂಕ್ಷ್ಮಜೀವಿಯ ಬರಹವನ್ನು ಹತ್ತಿಯು ಓದಬಲ್ಲುದಾದುದರಿಂದ. ಹುಲ್ಲು, ಹುಳು, ಎತ್ತು, ಮನುಷ್ಯ, ಎಲ್ಲ ದೇಹಗಳಲ್ಲಿಯೂ ವಂಶದ ಆಜ್ಞೆಗಳು ಬಹುಮಟ್ಟಿಗೆ ಒಂದೇ ಲಿಪಿಯಲ್ಲಿವೆ. ಆ ಲಿಪಿಯನ್ನು ಬಿಡಿಸಿದವರಲ್ಲಿ ಅವಿಭಕ್ತ ಪಂಜಾಬಿನಲ್ಲಿ ಹುಟ್ಟಿದ ಹರಗೋವಿಂದ ಖೊರಾನರು ಒಬ್ಬರು. 1968ರ ನೊಬೆಲ್ ಬಹುಮಾನವನ್ನು ಅವರು ಇನ್ನಿಬ್ಬರೊಡನೆ ಹಂಚಿಕೊಂಡರು. ಸರ್ವಭೂತಗಳ ಏಕತೆಯನ್ನು ನಾವು ಗ್ರಂಥಗಳಲ್ಲಿ ಓದಿದ್ದೆವು. ಅದು ಹತ್ತಿಯ ಎಲೆಯಲ್ಲಿ ಹೀಗೆ ಕೈಗೆ ಸಿಕ್ಕೀತೆಂದು ಎಣಿಸಿರಲಿಲ್ಲ.

ಈ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. 2006ರಲ್ಲಿ ಎರಡು ಜೀನುಗಳುಳ್ಳ ಬೀಜವು ಬಂದಿತು. ಮೊದಲ ಕೆಲವು ವರ್ಷ ಸಿಂಪಡಿಸುವ ಖರ್ಚು ಇಳಿಯಿತು, ಬೆಳೆ ಏರಿತು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಕೋಟಿಗಟ್ಟಲೆ ಹುಳುಗಳಲ್ಲಿ ಎಲ್ಲೋ ಒಂದೆರಡರ ಹೊಟ್ಟೆಯ ಪೊರೆಯಲ್ಲಿ, ವಿಷವು ಅಂಟತಕ್ಕ ಸ್ಥಾನವು ಹುಟ್ಟಿನಿಂದಲೇ ಬೇರೆಯಾಗಿರುವುದುಂಟು. ಉಳಿದವು ಸತ್ತುವು, ಅವು ಬದುಕಿದುವು, ಬದುಕಿದವುಗಳಿಗೇ ಮರಿಗಳಾದುವು. ತಿಂಗಳಿಗೊಂದು ತಲೆಮಾರಿನ ಪ್ರಾಣಿಗೆ ಹತ್ತು ವರ್ಷವೆಂದರೆ ನಮ್ಮ ಹತ್ತಾರು ತಲೆಮಾರುಗಳ ಕಾಲ. 2010ರಲ್ಲಿ ಗುಜರಾತಿನಲ್ಲಿ ಮೊದಲ ಜೀನು ಸೋತಿತೆಂದು ಪ್ರಕಟವಾಯಿತು. ಬಳಿಕ ಎರಡು ಜೀನುಗಳ ಹತ್ತಿಯನ್ನೂ ಈ ಹುಳು ಜಯಿಸಿತು, ನಮ್ಮ ಕಡೆಯೂ ಸೇರಿ. ಯಾವ ಹುಳುವೂ ಕಲಿತು ಬದಲಾಗಲಿಲ್ಲ, ವಂಶವು ಬದಲಾಯಿತು. ಡಾರ್ವಿನ್ 1859ರಲ್ಲಿ ಬರೆದ ನಿಸರ್ಗದ ಆಯ್ಕೆಯೆಂದರೆ ಇದೇ. ನಮ್ಮನ್ನು ಕೇಳಿದರೆ ಬೆಂಕಿಗೂ ಜೀವಕ್ಕೂ ಇರುವ ಭೇದವು ಇಲ್ಲಿದೆ: ಬೆಂಕಿಯು ಹರಡುವುದು, ಆದರೆ ತನಗೆ ಎರಚಿದ ನೀರಿನ ನೆನಪನ್ನು ತನ್ನ ಮಕ್ಕಳಿಗೆ ಕೊಡದು.

ಹಸಿರು ಕಾಯಿಕೊರಕವು ಹೀಗೆ ಬೇಗನೆ ಗೆಲ್ಲಲಿಲ್ಲ. ಅದು ತೊಗರಿ ಕಡಲೆಗಳನ್ನೂ ತಿನ್ನುವುದರಿಂದ ವಿಷ ಕಾಣದ ಹುಳುಗಳು ಆ ಹೊಲಗಳಲ್ಲಿ ಧಾರಾಳವಾಗಿ ಉಳಿದು, ಗೆದ್ದವುಗಳೊಡನೆ ಕೂಡಿ, ಗೆಲವನ್ನು ತೆಳುಮಾಡಿದುವು. ಗುಲಾಬಿ ಹುಳುವಿಗೆ ನಮ್ಮಲ್ಲಿ ಹತ್ತಿಯೇ ಗತಿ. ಇದಕ್ಕೆಂದೇ 450 ಗ್ರಾಮಿನ ಬೀಜದೊಡನೆ ಬಿಟಿಯಲ್ಲದ 120 ಗ್ರಾಮಿನ ಪೊಟ್ಟಣವನ್ನು ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಿದವರು ಕಡಿಮೆ. ಹುಳುವಿಗಾಗಿ ಬಿತ್ತಿರೆಂದರೆ ಸಾಲಗಾರನಾದ ಒಕ್ಕಲಿಗನು ಹೇಗೆ ಒಪ್ಪಿಯಾನು? ಕಾರಣವನ್ನು ಅವನ ಮಾತಿನಲ್ಲಿ ಕುಳಿತು ಹೇಳಿದವರೂ ಕಡಿಮೆಯೇ.

ಅಮೆರಿಕದಲ್ಲಿ ಇದೇ ಹುಳು ನಿರ್ಮೂಲವಾಯಿತೆಂದು 2018ರಲ್ಲಿ ಸರಕಾರವು ಸಾರಿತು. ಅಲ್ಲಿ ಬಿಟಿ ಹತ್ತಿಯೊಂದನ್ನೇ ನಂಬದೆ, ಸಂತಾನಶಕ್ತಿಯಿಲ್ಲದಂತೆ ಮಾಡಿದ ಪತಂಗಗಳನ್ನು ಬಿಟ್ಟರು, ಬೆಳೆ ಮುಗಿದೊಡನೆ ಗಿಡಗಳನ್ನು ನಾಶಮಾಡಿದರು. ಪತಂಗ ಬಿಡುವುದು ನಮ್ಮ ಕೈಯ ಕೆಲಸವಲ್ಲ. ಗಿಡ ಕೀಳುವುದು ನಮ್ಮದು. ನೀರಿದೆಯೆಂದು ಮಾರ್ಚಿನವರೆಗೆ ಬೆಳೆಯನ್ನು ಎಳೆದರೆ ಹುಳುವಿಗೆ ಊಟವನ್ನು ಮುಂದುವರಿಸಿದಂತೆ. ಡಿಸೆಂಬರು ಜನವರಿಗೆ ಮುಗಿಸಿದರೆ ಒಳ್ಳೆಯದು. ಕಾಯಿಸಹಿತ ಕಿತ್ತ ಹತ್ತಿಕಟ್ಟಿಗೆಯನ್ನು ಒಲೆಗೆಂದು ಹಿತ್ತಲಲ್ಲಿ ಒಟ್ಟುವ ರೂಢಿಯೊಂದಿದೆ. ಒಡೆಯದ ಆ ಕಾಯಿಗಳಲ್ಲಿಯೇ ಜೋಡಿ ಕಾಳುಗಳಿರುವುವು. ಬೇಸಗೆಯೊಳಗೆ ಅದನ್ನು ಉರಿಸಿ ಮುಗಿಸುವುದು ಮನೆಯವರ ಕೈಯಲ್ಲಿಯೇ ಇದೆ. ಮಳೆಗಾಲದವರೆಗೆ ಉಳಿದ ಒಟ್ಟಿಲಿನಿಂದ ಸಂಜೆಯ ಹೊತ್ತು ಕಂದುಬಣ್ಣದ ಸಣ್ಣ ಪತಂಗಗಳು ಏಳುವುವು. ಹೊಸ ಬಿತ್ತನೆಯ ಹೊಲವು ಅಲ್ಲಿಂದ ದೂರವಿರುವುದಿಲ್ಲ.