ಸ್ಪಂಜು ತೊಳೆದ ತಪ್ಪು

ಶಿವಗಂಗೆಯ ಒಳಕಲ್ಲು ತೀರ್ಥಕ್ಕೆ ಕೈ ಹಾಕಿದವರಿಗೆಲ್ಲ ನೀರು ಸಿಗುವುದಿಲ್ಲ. ಸಿಕ್ಕವರು ಪುಣ್ಯವಂತರು ಎನ್ನುತ್ತಾರೆ. ಬೆಟ್ಟದ ತಪ್ಪಲಿನ ನಮ್ಮ ಬಾಡಿಗೆ ಮನೆಯ ಮೀನಿನ ತೊಟ್ಟಿಯಲ್ಲಿ ನೀರಿಗೆ ಬರ ಇರಲಿಲ್ಲ, ತಿಳಿವಳಿಕೆಗೆ ಇತ್ತು.

ಮಗಳ ಹಠಕ್ಕೆ ಎರಡು ಅಡಿಯ ಗಾಜಿನ ತೊಟ್ಟಿ ತಂದೆವು. ಅಡಿಯಲ್ಲಿ ಮಣ್ಣು, ಮೇಲೆ ತೊಳೆದ ಮರಳು, ಒಂದಿಷ್ಟು ವ್ಯಾಲಿಸ್ನೇರಿಯಾ, ಹೈಡ್ರಿಲ್ಲ ಗಿಡ, 12 ಗಪ್ಪಿ ಮೀನು. ಸುದ್ದಿಗೆ ಇಷ್ಟು ಎಂದು ಎಣಿಸಿ ಕಾಸು ಪಡೆಯುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ ಆಗಿಬರುವ ಮಾತಲ್ಲ. ನೀರಿನೊಳಗೇ ಅಂಟಿಸುವ ಅಗ್ಗದ ಫಿಲ್ಟರ್ ಕೊಂಡು, ಅದನ್ನೇ ಗಿಡಗಳಿಗೆ ಹೊಂದುವಂತೆ ಬದಲಿಸಲು ಕೂತೆವು.

ಮೊದಲು ನೀರು ಎಳೆಯುವ ಬಾಯಿಗೆ ಒರಟು ಸ್ಪಂಜು ಸುತ್ತಿದೆವು. ಇಲ್ಲದಿದ್ದರೆ ಗಪ್ಪಿ ಮರಿಗಳು ಒಳಗೆ ಎಳೆದುಹೋಗುತ್ತವೆ. ಆಮೇಲೆ ಒಳಗಿದ್ದ ಇದ್ದಿಲಿನ ಚೀಲ ತೆಗೆದು, ಒಡೆದ ಮಣ್ಣಿನ ಹೂಕುಂಡದ ಚೂರು ತುಂಬಿದೆವು. ಇದ್ದಿಲು ಕೆಲವು ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಮಣ್ಣಿನ ಚೂರಿನ ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಮನೆ ಮಾಡಿಕೊಂಡಿರುತ್ತವೆ. ಕೊನೆಗೆ ನೀರು ಹೊರಬರುವ ಬಾಯಿಗೆ ಅರ್ಧ ಇಂಚಿನ ಪಿವಿಸಿ ಪೈಪ್ ಜೋಡಿಸಿ, ತುದಿ ಮುಚ್ಚಿ, ಡ್ರಿಲ್‌ನಿಂದ ಸಾಲಾಗಿ ತೂತು ಕೊರೆದೆವು. ಒಂದೇ ಕಡೆ ರಭಸವಾಗಿ ಬಂದು ಗಿಡ ಕೀಳುತ್ತಿದ್ದ ನೀರು ಹತ್ತಾರು ಎಳೆಯಾಗಿ ಮೆಲ್ಲಗೆ ಹರಿಯಿತು. ಪೈಪನ್ನು ನೀರಿನ ಮಟ್ಟದಿಂದ ಸ್ವಲ್ಪ ಕೆಳಗಿಟ್ಟೆವು. ಮೇಲೆ ಹೆಚ್ಚು ಕಲಕಿದರೆ ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುವುದರಿಂದ ಆಗ ಪೈಪನ್ನು ಚೂರು ಮೇಲೆತ್ತುತ್ತಿದ್ದೆವು. ಇದನ್ನೆಲ್ಲ ಮಾಡುವವರು ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ಹನಿ ಸಾಕೆಟ್ಟಿಗೆ ಇಳಿಯದಂತೆ ವೈರನ್ನು ಸಾಕೆಟ್ಟಿಗಿಂತ ಕೆಳಗೆ ಇಳಿಬಿಟ್ಟು ಮೇಲೆ ತರಬೇಕು.

ಮೂರು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಹರಿವು ಕುಗ್ಗಿತು. ಬಿಚ್ಚಿ ನೋಡಿದರೆ ಸ್ಪಂಜಿನ ತುಂಬ ಕಂದು ಲೋಳೆ. ಹಬ್ಬಕ್ಕೆ ಮನೆ ತೊಳೆಯುವ ಉತ್ಸಾಹದಲ್ಲಿ ಸ್ಪಂಜು, ಚೂರು ಎಲ್ಲವನ್ನೂ ನಲ್ಲಿಯಡಿ ಹಿಡಿದು ಉಜ್ಜಿದೆವು. ಅಂದು ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಮೂರನೆಯ ದಿನ ಬೆಳಗ್ಗೆ 7 ಮೀನು ತೇಲುತ್ತಿದ್ದವು. ಮಗಳು ಕೇಳಿದಳು: "ಅಪ್ಪಾ, ಯಾರು ವಿಷ ಹಾಕಿದ್ದು?"

ನಾವು ತೊಳೆದದ್ದು ಕೊಳೆಯನ್ನಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅದು ಗಿಡಕ್ಕೆ ಗೊಬ್ಬರ. ಆ ಬ್ಯಾಕ್ಟೀರಿಯಾ ಇದ್ದದ್ದೇ ಆ ಲೋಳೆಯಲ್ಲಿ. ಕ್ಲೋರಿನ್ ನೀರಿಗೆ ಹಿಡಿದು ಅವನ್ನು ಕೊಂದವರು ನಾವೇ. ಹೊಸದಾಗಿ ಬೆಳೆಯಲು ಅವಕ್ಕೆ ನಾಲ್ಕರಿಂದ ಆರು ವಾರ ಬೇಕು.

ಮಗಳ ಪ್ರಶ್ನೆ ಮಾತ್ರ ಚುಚ್ಚಿತು. ಅದು ನಮ್ಮದೇ ತಲೆಬರಹ. ಕೆಲವು ವರ್ಷಗಳ ಹಿಂದೆ ಊರೊಂದರ ಕೆರೆಯಲ್ಲಿ ಮೀನು ಸತ್ತಾಗ "ವಿಷ ಬೆರೆಸಿದ ಶಂಕೆ" ಎಂದು ಬರೆದಿದ್ದೆವು. ಮೀನು ಹಿಡಿಯುವ ಗುತ್ತಿಗೆ ಕೈತಪ್ಪಿದವರ ಮೇಲೆ ಊರು ಬೆರಳು ಮಾಡಿತು. ಎರಡು ಮನೆಗಳ ನಡುವೆ ಮಾತು ನಿಂತಿತು. ಈಗ ಹಳೆಯ ನೋಟ್‌ಬುಕ್ ತೆಗೆದು ನೋಡಿದೆವು. ಮೂರು ದಿನದ ಮೋಡ, ಕೆರೆಗೆ ಸೇರುವ ಚರಂಡಿ, ಹಸಿರುಗಟ್ಟಿದ ನೀರು, ಬೆಳಗಿನ ಜಾವ ತೇಲಿದ ಮೀನು. ಆಮ್ಲಜನಕ ಕುಸಿದಾಗ ಕಾಣುವ ಲಕ್ಷಣಗಳೆಲ್ಲ ನಮ್ಮ ಕೈಬರಹದಲ್ಲೇ ಇದ್ದವು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ಮೀನು ಸತ್ತಾಗಲೂ ಆಮ್ಲಜನಕದ ಕೊರತೆಯ ಮಾತು ಬಂದಿತ್ತು. ಬರೆದುಕೊಂಡೆವು, ಓದಲಿಲ್ಲ.

ಆ ಊರಿಗೆ ಹೋಗಿ ಎರಡೂ ಮನೆಯವರಿಗೆ ಹೇಳಿಬಂದೆವು. ಒಬ್ಬರು ಟೀ ಕೊಟ್ಟರು. ಇನ್ನೊಬ್ಬರು, "ಪೇಪರ್‌ನಲ್ಲಿ ಬಂದದ್ದನ್ನು ಬಾಯಲ್ಲಿ ಅಳಿಸೋಕಾಗುತ್ತಾ ಸ್ವಾಮಿ?" ಎಂದರು. ಉತ್ತರ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಉಳಿದ 5 ಮೀನಿಗೆ ದಿನವೂ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆವು, ಆಹಾರ ಕಡಿಮೆ ಮಾಡಿದೆವು. ಬದುಕಿದವು, ಮರಿಯನ್ನೂ ಹಾಕಿವೆ. ಈಗ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಒಂದು ಬಕೆಟ್ ನೀರಿನಲ್ಲೇ ಹಿಂಡುತ್ತೇವೆ. ಚೂರುಗಳನ್ನು ಅದೇ ದಿನ ಮುಟ್ಟುವುದಿಲ್ಲ.

ಗೆಳೆಯರೇ, ನಿಮ್ಮ ತಾಲ್ಲೂಕಿನ ಕೆರೆಯಲ್ಲಿ ಮೀನು ಸತ್ತ ಫೋನ್ ಬಂದರೆ, ಯಾರ ಮೇಲೆ ಅನುಮಾನ ಎಂದು ಕೇಳುವ ಮೊದಲು ಎಷ್ಟು ಹೊತ್ತಿಗೆ ತೇಲಿದವು ಎಂದು ಕೇಳಿ. ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಗೊಂದು ಕರೆ ಮಾಡಿ. ಸುದ್ದಿ ಒಂದು ದಿನ ತಡವಾದರೆ ಆಗಲಿ.