ಕರಿಯನ ಕೆಮ್ಮು

ಪೀಣ್ಯ
ಭಾನುವಾರ ರಾತ್ರಿ

ಪ್ರೀತಿಯ ಸುಮಾ,

ನೀನು ಕಳಿಸಿದ ವಿಡಿಯೊ ನೋಡಿದೆ. ಕತ್ತು ಮುಂದೆ ಚಾಚಿ, ಖೊಕ್ ಖೊಕ್ ಎಂದು ಕೆಮ್ಮಿ, ಕೊನೆಗೆ ಒಂದಿಷ್ಟು ಬಿಳಿ ನೊರೆ ಕಕ್ಕಿದ್ದಾನೆ ಕರಿಯ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ನೀನು ಹೆದರಿದ್ದು ಸಹಜ; ಇಲ್ಲಿ ನನ್ನ ಕ್ಲಿನಿಕ್ಕಿಗೆ ನಾಯಿ ತರುವವರೂ ಹಾಗೇ ಹೇಳುತ್ತಾರೆ. ಬಾಯೊಳಗೆ ಮಾತ್ರ ಬೆರಳು ಹಾಕಬೇಡ. ದೀಪಾವಳಿಗೆ ನೀವು ಊರಿಗೆ ಹೋದಾಗ ಅವನು ಬೋರ್ಡಿಂಗಿನಲ್ಲಿದ್ದ, ಮನೆಗೆ ಬಂದ ವಾರದೊಳಗೆ ಶುರುವಾಗಿದೆ, ಊಟ ಬಿಟ್ಟಿಲ್ಲ. ನನಗೆ ಇದು ಕೆನಲ್ ಕಾಫ್ ಅಂತಲೇ ಅನ್ನಿಸುತ್ತಿದೆ.

ಎಲ್ಲ ಲಸಿಕೆ ಹಾಕಿಸಿದ್ದೆನಲ್ಲ ಎಂದು ಕೇಳಿದ್ದೀಯ. ವರ್ಷಕ್ಕೊಮ್ಮೆ ಚುಚ್ಚುವ ಲಸಿಕೆಯಲ್ಲಿ ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇವೆ. ಈ ಕೆಮ್ಮನ್ನು ಹೆಚ್ಚಾಗಿ ತರುವ ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾಕ್ಕೆ ಅದರಲ್ಲಿ ಏನೂ ಇಲ್ಲ. ಅದಕ್ಕೆ ಮೂಗಿಗೆ ಹನಿಸುವ ಬೇರೆ ಲಸಿಕೆಯೇ ಇದೆ. ಮಕ್ಕಳಿಗೆ ನಾಯಿಕೆಮ್ಮು ತರುವ ಜೀವಾಣುವಿನ ಹತ್ತಿರದ ನೆಂಟ ಈ ಬ್ಯಾಕ್ಟೀರಿಯಾ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಗಾಳಿಗೆ ತೂಗುವ ರಾಗಿ ಪೈರಿನ ಹಾಗೆ ಬಳುಕುತ್ತ ಧೂಳು, ಕಫ ಎಲ್ಲವನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ಬಾರ್ಡೆಟೆಲ್ಲಾ ನೇರವಾಗಿ ಆ ರೋಮಗಳಿಗೇ ಅಂಟಿಕೊಂಡು ಅವುಗಳ ಬಳುಕಾಟ ನಿಲ್ಲಿಸಿಬಿಡುತ್ತದೆ. ಆಮೇಲೆ ಕೆಮ್ಮದೆ ಆ ಜೀವಕ್ಕೆ ಬೇರೆ ದಾರಿಯಿಲ್ಲ.

1910ರ ಸುಮಾರಿಗೆ ಅಮೆರಿಕದ ವಿಜ್ಞಾನಿ ಫೆರ್ರಿ ಡಿಸ್ಟೆಂಪರ್ ತಗುಲಿದ ನಾಯಿಗಳಲ್ಲಿ ಈ ಬ್ಯಾಕ್ಟೀರಿಯಾವನ್ನು ಕಂಡು, ಆ ರೋಗಕ್ಕೆ ಇದೇ ಮೂಲ ಎಂದುಕೊಂಡ. ಡಿಸ್ಟೆಂಪರ್ ವೈರಸ್ಸಿನ ಕೆಲಸವೆಂದು ಫ್ರಾನ್ಸಿನ ಕಾರೆ 1905ರಲ್ಲೇ ತೋರಿಸಿದ್ದ. ವೈರಸ್ ಬಾಗಿಲು ತೆರೆದರೆ ಬ್ಯಾಕ್ಟೀರಿಯಾ ಹಿಂದೆಯೇ ನುಗ್ಗುವುದುಂಟು. ಅದಕ್ಕೇ ಹೇಳುತ್ತೇನೆ: ಕಣ್ಣು ಮೂಗಲ್ಲಿ ಹಳದಿ ಕೀವು, ಜ್ವರ, ಊಟ ಬಿಡುವುದು, ಮೈ ಅದುರುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಕರೆದೊಯ್ಯಿ. ಅವನು ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ನೋಡುತ್ತ ಒಂದು ನಿಮಿಷ ಉಸಿರು ಎಣಿಸು. 30ರೊಳಗಿದ್ದರೆ ಸರಿ. ತುಟಿ ಎತ್ತಿ ವಸಡನ್ನೂ ನೋಡು. ಕರಿಯನ ವಸಡಿನಲ್ಲಿ ಕಪ್ಪು ಮಚ್ಚೆಗಳಿವೆ, ನಡುವಿನ ಗುಲಾಬಿ ಭಾಗ ನೀಲಿಗೆ ತಿರುಗಬಾರದು.

ಇವೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಉಳಿದ ಅಜಿತ್ರೊಮೈಸಿನ್ ಕೊಡಲೇ ಎಂದೆಯಲ್ಲ, ಬೇಡ. ಸಿಕ್ಕಸಿಕ್ಕ ಆಂಟಿಬಯಾಟಿಕ್ ತಿಂದ ನಾಯಿಗಳಿಗೆ ನಿಜವಾದ ನ್ಯುಮೋನಿಯ ಬಂದಾಗ ಔಷಧಿ ನಾಟುವುದಿಲ್ಲ, ಅದನ್ನು ನೋಡುತ್ತ ನಿಲ್ಲುವುದು ಬಹಳ ಕಷ್ಟ. ಮನುಷ್ಯರ ಕೆಮ್ಮಿನ ಸಿರಪ್ಪೂ ಬೇಡ, ಪ್ಯಾರಸಿಟಮಾಲ್ ಅಂತೂ ಬೇಡವೇ ಬೇಡ. ಡಾಕ್ಟರು ಪರೀಕ್ಷಿಸಿ ಡಾಕ್ಸಿಸೈಕ್ಲಿನ್ ಬರೆದರೆ ಅನ್ನದ ಜೊತೆ ಕೊಡು, ಆದರೆ ಮೊಸರನ್ನದಲ್ಲಿ ಅಡಗಿಸಬೇಡ. ಹಾಲು ಮೊಸರಿನ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಬಿಡುತ್ತದೆ. ಕುತ್ತಿಗೆಯ ಪಟ್ಟಿ ಬಿಚ್ಚಿ ಎದೆಗೆ ಹಾರ್ನೆಸ್ ಹಾಕು, ಪಟ್ಟಿ ಜಗ್ಗಿದಾಗಲೆಲ್ಲ ಕೆಮ್ಮು ಕೆರಳುತ್ತದೆ. ಕಾಡುಗೋಡಿ ರಸ್ತೆಯ ಧೂಳಿನಲ್ಲಿ ವಾಕಿಂಗ್ ಸದ್ಯಕ್ಕೆ ಬೇಡ. ಮಾವನವರಿಗೆ ಕೀಮೋ ನಡೆಯುತ್ತಿದೆ. ಅಪರೂಪವಾದರೂ ಈ ಬ್ಯಾಕ್ಟೀರಿಯಾ ಅಂಥವರಿಗೆ ಅಂಟುವುದುಂಟು. ಕರಿಯನನ್ನು ಅವರ ಕೋಣೆಗೆ ಬಿಡಬೇಡ.

ಇನ್ನು ಈ ಕೆಮ್ಮು ತಂದದ್ದು ಗೇಟಿನ ಬಳಿಯ ಕಂದು ಬೀದಿನಾಯಿಯೇ ಎಂದು ನಿಮ್ಮ ಅಪಾರ್ಟ್‌ಮೆಂಟಿನವರು ದೂರುತ್ತಿರುವ ವಿಷಯ. ನಾನು ಇದನ್ನು ಒಪ್ಪುವುದಿಲ್ಲ, ಗಟ್ಟಿಯಾಗಿಯೇ ಹೇಳುತ್ತೇನೆ. ಹಬ್ಬ ಬಂತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅರ್ಧ ಜನ ಊರಿಗೆ ಹೊರಡುತ್ತಾರೆ. ಅವರ ನಾಯಿಗಳು ಮುಚ್ಚಿದ ಕೋಣೆಗಳಲ್ಲಿ ಸಾಲಾಗಿ ಮಲಗಿ ಒಂದೇ ಗಾಳಿ ಉಸಿರಾಡುತ್ತವೆ. ಈ ರೋಗಕ್ಕೆ ಬೇಕಾದದ್ದು ಅದೇ. 2023ರ ಗಣತಿಯಲ್ಲಿ ನಗರದ ಬೀದಿನಾಯಿಗಳು 2.79 ಲಕ್ಷ. ಅವುಗಳಿಗೂ 2024ರಲ್ಲಿ ಪಾಲಿಕೆ ಸಂಯುಕ್ತ ಲಸಿಕೆ ಶುರುಮಾಡಿತು. ಅದರಲ್ಲೂ ಬಾರ್ಡೆಟೆಲ್ಲಾ ಇಲ್ಲ. ಬಯಲಲ್ಲಿ ಮಲಗುವ ಗೇಟಿನ ಆ ಕಂದು ಹೆಣ್ಣುನಾಯಿಗೇ ಕರಿಯನಿಂದ ಅಪಾಯ. ಕೆಮ್ಮು ನಿಂತ ಮೇಲೂ ವಾರಗಟ್ಟಲೆ ಅವನು ಬ್ಯಾಕ್ಟೀರಿಯಾ ಹರಡಬಲ್ಲ.

ನಾಳೆಯೇ ಬೋರ್ಡಿಂಗಿನವರಿಗೂ ಏಳನೇ ಮಹಡಿಯ ಬೀಗಲ್‌ನ ಮನೆಯವರಿಗೂ ವಿಷಯ ತಿಳಿಸು. ಲಿಫ್ಟಿನಲ್ಲಿ ಬೇರೆ ನಾಯಿ ಇದ್ದರೆ ನೀನು ಕಾಯಿ. ಬುಧವಾರ ಸಂಜೆ ಫೋನ್ ಮಾಡಿ ಉಸಿರಿನ ಲೆಕ್ಕ ಹೇಳು. ಕೆಮ್ಮು ಹೆಚ್ಚಿದ್ದರೆ ಎಷ್ಟೇ ಟ್ರಾಫಿಕ್ ಇದ್ದರೂ ಅಂದೇ ಹೊರಟು ಬರುತ್ತೇನೆ.

ನಿನ್ನ
ಅಣ್ಣ